ಸಂವಿಧಾನದ ಪುಟದಲ್ಲಿ ಸಿಕ್ಕ ತರ್ಕ

ಕೇಂದ್ರ ಲೋಕಸೇವಾ ಆಯೋಗದ ಪೂರ್ವಭಾವಿ ಪರೀಕ್ಷೆಯಲ್ಲಿ ಸಿಸ್ಯಾಟ್ ಎಂದು ಕರೆಯುವ, ತರ್ಕವನ್ನೂ ಪರೀಕ್ಷಿಸುವ ಎರಡನೆಯ ಪತ್ರಿಕೆಗೆ 200 ಅಂಕಗಳು. ಅದರಲ್ಲಿ ಶೇ 33ರಷ್ಟು ಬಂದರೆ ಸಾಕು. ಬರದಿದ್ದರೆ ಮೊದಲ ಪತ್ರಿಕೆಯನ್ನು ಎಷ್ಟೇ ಚೆನ್ನಾಗಿ ಬರೆದಿದ್ದರೂ ಮುಂದಿನ ಹಂತವಿಲ್ಲ. ಪ್ರಶ್ನೆಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಷ್ಟೇ ಇರುವುದರಿಂದ, ಕನ್ನಡ ಮಾಧ್ಯಮದಲ್ಲಿ ಓದಿ ಬಂದ ನನಗೆ ‘ಇಫ್’ (ಹೀಗಾದರೆ), ‘ಓನ್ಲಿ ಇಫ್’ (ಹೀಗಾದರೆ ಮಾತ್ರ), ‘ಅನ್‌ಲೆಸ್’ (ಹೀಗಾದ ಹೊರತು) ಇವುಗಳ ವ್ಯತ್ಯಾಸ ಖಚಿತವಾಗಿ ತಿಳಿಯಲೇಬೇಕಿತ್ತು. ಯಾವ ಮಾತಿನಿಂದ ಯಾವುದು ಹೊರಡುತ್ತದೆ ಎಂದು ತೋರಿಸುವ, ಮಾರ್ಗದರ್ಶಿ ಪುಸ್ತಕಗಳ ಬಾಣದ ಗುರುತುಗಳು ಬಾಯಿಪಾಠವಾಗಿದ್ದವು. ಬಾಣ ಆ ದಿಕ್ಕಿಗೇ ಏಕೆ ಹೋಗುತ್ತದೆ ಎಂಬುದು ಮನಸ್ಸಿಗೆ ಇಳಿದದ್ದು ಧಾರವಾಡದ ಒಂದು ವಾಚನಾಲಯದಲ್ಲಿ, ಮೊದಲ ಪತ್ರಿಕೆಗಾಗಿ ಸಂವಿಧಾನ ಓದುತ್ತಿದ್ದ ಮಧ್ಯಾಹ್ನ.

84ನೆಯ ವಿಧಿಯ ಇಂಗ್ಲಿಷ್ ಪಠ್ಯದಲ್ಲಿ ‘ಅನ್‌ಲೆಸ್’ ಇದೆ: ಭಾರತದ ಪೌರನಾಗಿದ್ದು, ಲೋಕಸಭೆಗಾದರೆ 25, ರಾಜ್ಯಸಭೆಗಾದರೆ 30 ವರ್ಷ ತುಂಬಿದ ಹೊರತು ಯಾರೂ ಸಂಸತ್ತಿಗೆ ಆಯ್ಕೆಯಾಗಲು ಅರ್ಹರಲ್ಲ. ಪಕ್ಕದಲ್ಲಿ ಕುಳಿತಿದ್ದ ಗೆಳೆಯ, “ನನಗ ಇಪ್ಪತ್ತಾರು ತುಂಬ್ಯಾವು. ಹಂಗಾದ್ರ ನಾ ಲೋಕಸಭಾಕ್ಕ ಅರ್ಹ ಅಂತ ಆತೇನು?” ಎಂದ. ವಿಧಿ ಹಾಗೆ ಹೇಳುವುದಿಲ್ಲ. 25 ತುಂಬದವನು ಅರ್ಹನಲ್ಲ ಎಂಬುದಷ್ಟೇ ಅದರಿಂದ ಖಚಿತ. ಸರ್ಕಾರದ ಲಾಭದಾಯಕ ಹುದ್ದೆಯಲ್ಲಿರುವವನಿಗೆ 60 ವರ್ಷವಾಗಿದ್ದರೂ 102ನೆಯ ವಿಧಿ ಅವನನ್ನು ತಡೆಯಬಹುದು. ವಯಸ್ಸು ಅಗತ್ಯ ಷರತ್ತು, ಆದರೆ ಅದೊಂದೇ ಸಾಲದು ಎಂಬುದು ಬಾಣಗಳಿಲ್ಲದೆಯೇ ಕಣ್ಣೆದುರು ನಿಂತಿತು.

ಇದಕ್ಕೆ ವಿರುದ್ಧವಾದ ಉದಾಹರಣೆಯನ್ನು ಹುಡುಕಿದ್ದು ಗೆಳೆಯನೇ. 1985ರಲ್ಲಿ 52ನೆಯ ತಿದ್ದುಪಡಿಯ ಮೂಲಕ ಸೇರಿದ, ಪಕ್ಷಾಂತರ ತಡೆಯುವ ಹತ್ತನೆಯ ಅನುಸೂಚಿಯ ಪ್ರಕಾರ, ಪಕ್ಷದ ಟಿಕೆಟ್ಟಿನಲ್ಲಿ ಗೆದ್ದ ಸದಸ್ಯನು ಸ್ವಇಚ್ಛೆಯಿಂದ ಪಕ್ಷದ ಸದಸ್ಯತ್ವ ತೊರೆದರೆ, ಪಕ್ಷಗಳ ವಿಲೀನದಂಥ ವಿನಾಯಿತಿಯನ್ನು ಬದಿಗಿಟ್ಟರೆ, ಅನರ್ಹನಾಗಲು ಅಷ್ಟೇ ಸಾಕು. ಹಾಗೆಂದು ಅನರ್ಹನಾದವನು ಪಕ್ಷ ತೊರೆದಿರಲೇಬೇಕೆಂದಿಲ್ಲ. ಪಕ್ಷದಲ್ಲೇ ಉಳಿದು ವಿಪ್ (ಹೇಗೆ ಮತ ಹಾಕಬೇಕೆಂಬ ಪಕ್ಷದ ಆದೇಶ) ಉಲ್ಲಂಘಿಸಿ ಮತ ಹಾಕಿದವನೂ ಅನರ್ಹನಾಗಬಹುದು. ಇಲ್ಲಿ ಷರತ್ತು ಪರ್ಯಾಪ್ತ, ಅಂದರೆ ಅದೊಂದೇ ಸಾಕು, ಆದರೆ ಅಗತ್ಯವಲ್ಲ. ಈ ಎರಡು ನಿಯಮಗಳನ್ನು ಅಕ್ಕಪಕ್ಕ ಇಟ್ಟು ಯಾವ ತರಗತಿಯೂ ಏಕೆ ಆರಂಭವಾಗುವುದಿಲ್ಲವೋ ಎಂದು ನನಗೆ ಇಂದಿಗೂ ಅನಿಸುತ್ತದೆ. ಅಭ್ಯರ್ಥಿಗಳು ಹೇಗೂ ಇವನ್ನು ಓದಿಯೇ ಇರುತ್ತಾರೆ.

ಅಂದು ಸಂಜೆ ಹಳೆಯ ಪ್ರಶ್ನೆಪತ್ರಿಕೆಗಳನ್ನು ತೆರೆದು, ಪ್ರತಿ ಹೇಳಿಕೆಗೂ ಎರಡು ಪ್ರಶ್ನೆ ಹಾಕುತ್ತ ಹೋದೆವು: ಇದಿಲ್ಲದೆ ಅದು ಆದೀತೇ? ಇದೊಂದಿದ್ದರೆ ಅದು ಆಗಲೇಬೇಕೇ? ‘ಓನ್ಲಿ ಇಫ್’ ಮತ್ತು ‘ಅನ್‌ಲೆಸ್’ ಬಂದಲ್ಲಿ ಮೊದಲನೆಯದಕ್ಕೆ ಉತ್ತರ ಸಿಗುತ್ತಿತ್ತು, ಬರಿಯ ‘ಇಫ್’ ಬಂದಲ್ಲಿ ಎರಡನೆಯದಕ್ಕೆ. ಎರಡಕ್ಕೂ ಉತ್ತರ ಕೊಡುವ ಹೇಳಿಕೆಗಳು ತೀರಾ ವಿರಳವಾಗಿದ್ದವು.