ನಲವತ್ತು ನಿಮಿಷದ ಇಲ್‌ಮ್ಯಾಟಿಕ್, ಒಂದು ಮಧ್ಯಾಹ್ನದ ವಾದ

"ಇರೋದೇ ಒಂಬತ್ತು ಹಾಡು ಮಗಾ. ಅಷ್ಟಕ್ಕೇ ಇವನನ್ನ ಎಲ್ಲರ ತಲೆ ಮೇಲೆ ಕೂರಿಸ್ತೀರಲ್ಲ!"

ಭಾನುವಾರ ಮಧ್ಯಾಹ್ನ ಊಟ ಮುಗಿದ ಕೂಡಲೇ ನಾಸ್‌ನ ಪ್ರತಿಸ್ಪರ್ಧಿ ರ‍್ಯಾಪರ್ ಜೇ-ಝೀಯ ಪಕ್ಷದವನು ಶುರು ಮಾಡಿದ್ದು ಹೀಗೆ. ಲೆಕ್ಕ ಸರಿಯಾಗಿಯೇ ಇತ್ತು. ಅಮೆರಿಕದ ರ‍್ಯಾಪರ್ ನಾಸ್‌ನ ಮೊದಲ ಆಲ್ಬಂ 'ಇಲ್‌ಮ್ಯಾಟಿಕ್'ನಲ್ಲಿ ಹತ್ತು ಟ್ರ್ಯಾಕ್ ಇದ್ದರೂ ಮೊದಲನೆಯದು ಎರಡು ನಿಮಿಷವೂ ಇಲ್ಲದ ಪೀಠಿಕೆ. ಇಡೀ ಆಲ್ಬಂ 40 ನಿಮಿಷದೊಳಗೆ ಮುಗಿಯುತ್ತದೆ. 1994ರ ಏಪ್ರಿಲ್ 19ರಂದು ಕೊಲಂಬಿಯಾ ಕಂಪನಿ ಇದನ್ನು ಬಿಡುಗಡೆ ಮಾಡಿದಾಗ ನಾಸ್‌ಗೆ ಇಪ್ಪತ್ತು ವರ್ಷ. ಬಿಲ್‌ಬೋರ್ಡ್ ಪಟ್ಟಿಯಲ್ಲಿ ಸಿಕ್ಕಿದ್ದು 12ನೇ ಸ್ಥಾನ, ಪ್ಲಾಟಿನಂ (ಹತ್ತು ಲಕ್ಷ ಪ್ರತಿ) ಆಗಲು 2001ರವರೆಗೆ ಕಾಯಬೇಕಾಯಿತು. ಆದರೆ ಹಿಪ್-ಹಾಪ್ ಪತ್ರಿಕೆ 'ದಿ ಸೋರ್ಸ್' ಬಿಡುಗಡೆಯ ಹೊತ್ತಿಗೇ ಐದಕ್ಕೆ ಐದು ಮೈಕ್ ಕೊಟ್ಟಿತ್ತು, ಅಲ್ಲಿ ಅಂಕಗಳೆಂದರೆ ಮೈಕ್. ಮೊದಲ ಆಲ್ಬಂಗೆ ಹಾಗೆ ಕೊಡುವುದು ಅಪರೂಪ. ಅಂದಿನಿಂದ ಅಭಿಮಾನಿಗಳ ಜಗಳವೆಲ್ಲ ಇದೇ ಎರಡು ಅಂಕಿಗಳ ನಡುವೆ ಓಡಾಡುತ್ತಿದೆ. ಒಬ್ಬ ಮಾರಾಟ ತೋರಿಸುತ್ತಾನೆ, ಇನ್ನೊಬ್ಬ ಮೈಕ್ ತೋರಿಸುತ್ತಾನೆ. ಹಾಡು ಕೇಳುವವರು ಯಾರೂ ಇಲ್ಲ.

ಆವತ್ತು ಅದನ್ನು ಬಿಟ್ಟು ಕೇಳಿಯೇ ತೀರ್ಮಾನ ಮಾಡೋಣ ಎಂದಾಯಿತು. ಇಲ್‌ಮ್ಯಾಟಿಕ್‌ನ ಎಲ್‌ಪಿ, ಅದರಲ್ಲಿ ತುಣುಕು ಎತ್ತಿ ಬಳಸಿದ (ಸ್ಯಾಂಪಲ್ ಮಾಡಿದ) ಮೂಲ ಹಾಡುಗಳು ಫೋನಿನಲ್ಲಿ, ಒಂದು ಜೊತೆ ಸ್ಪೀಕರ್, ನಾಲ್ಕು ಬಿಳಿ ಹಾಳೆ, ಬಣ್ಣದ ಪೆನ್ಸಿಲ್.

ಇಂಥ ಹೋಲಿಕೆ ಸಾಮಾನ್ಯವಾಗಿ ಕೆಡುವುದು ವಾಲ್ಯೂಮ್‌ನಿಂದ. ಎರಡು ಹಾಡುಗಳಲ್ಲಿ ಒಂದು ಒಂದೆರಡು ಡೆಸಿಬೆಲ್ ಜೋರಾಗಿದ್ದರೂ ಸಾಕು, ಕಿವಿ ಅದನ್ನೇ ಚೆನ್ನಾಗಿದೆ ಎನ್ನುತ್ತದೆ. ಹೊಸದಾಗಿ ಸಿದ್ಧಪಡಿಸಿದ ಪ್ರತಿಗಳು (ಮಾಸ್ಟರ್) ಸಾಮಾನ್ಯವಾಗಿ ಜೋರು, 1994ರ ಸದ್ದು ತಗ್ಗು. ಆದ್ದರಿಂದ ಎರಡೂ ಕಡೆ ಸ್ನೇರ್ ಡ್ರಮ್ಮಿನ ಚಟ್ ಎನ್ನುವ ಏಟನ್ನು ಆಧಾರವಾಗಿ ಇಟ್ಟುಕೊಂಡು ವಾಲ್ಯೂಮ್ ಹೊಂದಿಸಬೇಕು. ಫೋನಿನ ಆ್ಯಪ್‌ನಲ್ಲಿ ಶಫಲ್ ಆಫ್, ಈಕ್ವಲೈಸರ್ ಆಫ್. ಫೋನಿನ ಸ್ವಂತ ಸ್ಪೀಕರ್‌ನಲ್ಲಿ ಕೇಳುವುದಂತೂ ಬೇಡವೇ ಬೇಡ. ಈ ಆಲ್ಬಂನ ಅರ್ಧ ಜೀವ ಬೇಸ್‌ನಲ್ಲಿದೆ, ಅಂಗೈ ಅಗಲದ ಫೋನಿನಿಂದ ಆ ಕೆಳಸ್ವರ ಹೊರಗೆ ಬರುವುದೇ ಇಲ್ಲ. ಉಳಿಯುವುದು ಮಾತು ಮತ್ತು ಟಪ್ ಟಪ್. "ಇದರಲ್ಲಿ ಸಂಗೀತವೇ ಇಲ್ಲ" ಎಂದು ದೂರುವವರಲ್ಲಿ ಎಷ್ಟೋ ಜನ ಹಾಗೆ ಕೇಳಿದವರೇ.

ಎಲ್‌ಪಿಯ ಎರಡು ಮುಖಗಳಿಗೆ ಒಂದು, ಎರಡು ಎಂದು ಹೆಸರಿಲ್ಲ. ಒಂದು ಮುಖ '40ತ್ ಸೈಡ್ ನಾರ್ತ್', ಇನ್ನೊಂದು '41ಸ್ಟ್ ಸೈಡ್ ಸೌತ್'. ನ್ಯೂಯಾರ್ಕ್‌ನ ಕ್ವೀನ್ಸ್‌ನಲ್ಲಿ, ಸೇತುವೆಯ ಪಕ್ಕದಲ್ಲೇ ಇರುವ ಕ್ವೀನ್ಸ್‌ಬ್ರಿಜ್ ವಸತಿ ಸಮುಚ್ಚಯದ ಎರಡು ಬದಿಗಳು ಅವು. 1939ರಲ್ಲಿ ತೆರೆದ ಸರ್ಕಾರಿ ವಸತಿ, 96 ಕಟ್ಟಡ, 3000ಕ್ಕೂ ಹೆಚ್ಚು ಮನೆ. ನಾಸ್ ಬೆಳೆದದ್ದು ಅಲ್ಲಿ. ನಿರ್ಮಾಪಕ ಮಾರ್ಲಿ ಮಾರ್ಲ್, ರ‍್ಯಾಪರ್ ಎಂ.ಸಿ. ಶಾನ್ ಅವರಿಂದ ಆ ಜಾಗಕ್ಕೆ 80ರ ದಶಕದಲ್ಲೇ ಹಿಪ್-ಹಾಪ್‌ನಲ್ಲಿ ಹೆಸರಿತ್ತು, ಬ್ರಾಂಕ್ಸ್‌ನ ರ‍್ಯಾಪರ್ ಕೆ.ಆರ್.ಎಸ್.-ವನ್ ಜೊತೆ ದೊಡ್ಡ ಜಟಾಪಟಿಯೂ ಆಗಿತ್ತು. ಆಲ್ಬಂನ ಹೊದಿಕೆಯಲ್ಲಿ ಏಳು ವರ್ಷದ ನಾಸ್‌ನ ಮುಖದೊಳಗೇ ಆ ಕಟ್ಟಡಗಳು ಮೂಡಿವೆ. ಎಲ್‌ಪಿ ತಿರುಗಿಸಿ ಹಾಕುವುದೆಂದರೆ ಕೇರಿಯ ಒಂದು ಬದಿಯಿಂದ ಇನ್ನೊಂದು ಬದಿಗೆ ನಡೆದ ಹಾಗೆ. ಇಷ್ಟು ಯೋಚಿಸಿ ಜೋಡಿಸಿದ್ದನ್ನು "ಬರೀ ಒಂಬತ್ತು ಹಾಡು" ಎನ್ನುವುದು ನನಗೆ ಒಪ್ಪಿಗೆಯಿಲ್ಲ.

ಹಾಳೆ, ಪೆನ್ಸಿಲ್ ಕೈಗೆ ಬಂದದ್ದು ಎರಡನೇ ಟ್ರ್ಯಾಕ್‌ಗೆ, 'ಎನ್.ವೈ. ಸ್ಟೇಟ್ ಆಫ್ ಮೈಂಡ್'. ವಿಧಾನ ಸುಲಭ. ಹಾಳೆಯಲ್ಲಿ ನಾಲ್ಕು ಕಾಲಂ ಎಳೆಯಿರಿ, ಒಂದೊಂದು ಕಾಲಂ ಒಂದೊಂದು ಬೀಟ್. ಪ್ರತಿ ಕಾಲಂ ಒಳಗೆ ನಾಲ್ಕು ಮನೆ, ಅಂದರೆ ನಾಲ್ಕು ಬೀಟ್‌ನ ಒಂದು ಬಾರ್‌ಗೆ ಹದಿನಾರು. ಸ್ನೇರ್ ಬೀಳುವುದು ಎರಡು ಮತ್ತು ನಾಲ್ಕನೇ ಕಾಲಂ ಶುರುವಿನಲ್ಲಿ. ಅದನ್ನು ಮೊದಲು ಗುರುತು ಹಾಕಿಕೊಳ್ಳಿ. ಹಾಡಿನ ವೇಗ ನಿಮಿಷಕ್ಕೆ ಸುಮಾರು 84 ಬೀಟ್. ಹೊಸಬರು ತಪ್ಪುವುದು ಇಲ್ಲಿ: ಹೈ-ಹ್ಯಾಟ್ ತಾಳದ (ಸಿಂಬಲ್) ಸದ್ದನ್ನೇ ಬೀಟ್ ಎಂದು ಎಣಿಸಿ ದುಪ್ಪಟ್ಟು ವೇಗ ಹಿಡಿಯುತ್ತಾರೆ, ನಾಲ್ಕೇ ಸಾಲಿಗೆ ಹಾಳೆ ಕೈಕೊಡುತ್ತದೆ. ತಲೆ ತಾನಾಗಿ ಆಡುತ್ತದಲ್ಲ, ಅದನ್ನು ನಂಬಿ. ಆಮೇಲೆ ಒಂದೊಂದು ಅಕ್ಷರ ಎಲ್ಲಿ ಬೀಳುತ್ತದೋ ಆ ಮನೆಯಲ್ಲಿ ಬರೆಯಿರಿ. ಒಂದೇ ಸ್ವರದ ಅಕ್ಷರಗಳಿಗೆ ಒಂದೇ ಬಣ್ಣ.

ಎಂಟು ಸಾಲು ತುಂಬುವಷ್ಟರಲ್ಲಿ ಹಾಳೆ ಮಾತಾಡತೊಡಗಿತು. 80ರ ದಶಕದ ಬಹುತೇಕ ರ‍್ಯಾಪ್ ಹೀಗೆ ಬರೆದರೆ ಬಣ್ಣವೆಲ್ಲ ನಾಲ್ಕನೇ ಕಾಲಂನಲ್ಲೇ ಕೂರುತ್ತದೆ, ಅಂತ್ಯಪ್ರಾಸ. ಇಲ್ಲಿ ಬಣ್ಣ ಹಾಳೆಯ ತುಂಬ ಚೆಲ್ಲಿತ್ತು. ಎರಡು ಮೂರು ಅಕ್ಷರದ ಗುಂಪುಗಳು ಸಾಲಿನ ನಡುವೆ ಎದ್ದು, ಮುಂದಿನ ಸಾಲಿನ ಮೊದಲ ಬೀಟ್ ದಾಟಿ ಹೋಗಿ, ಅಲ್ಲಿ ಮತ್ತೆ ತಮ್ಮ ಜೋಡಿಯನ್ನು ಹಿಡಿಯುತ್ತವೆ. ವಾಕ್ಯ ಮುಗಿಯುವ ಜಾಗವೂ ಬಾರ್ ಮುಗಿಯುವ ಜಾಗವೂ ಎಷ್ಟೋ ಕಡೆ ಬೇರೆ ಬೇರೆ. ಉಸಿರು ಎಲ್ಲಿ ತೆಗೆದುಕೊಂಡ ಎಂದು ಹುಡುಕಿದರೆ ನಾವು ಊಹಿಸದ ಜಾಗದಲ್ಲಿ ಸಿಗುತ್ತದೆ. ಕನ್ನಡದ ಕಿವಿಗೆ ಇದು ಪರಕೀಯವಲ್ಲ. ನಮ್ಮ ಹಳೆಯ ಕವಿಗಳಿಗೆ ಪ್ರಾಸ ಸಾಲಿನ ತುದಿಯಲ್ಲಿ ಇರಲಿಲ್ಲ, ಎರಡನೇ ಅಕ್ಷರದಲ್ಲಿತ್ತು. ಹಾಡು ತಾಳದ ಮೊದಲ ಏಟಿಗೇ ಎತ್ತಬೇಕೆಂಬ ನಿಯಮವೂ ನಮ್ಮಲ್ಲಿಲ್ಲ, ಏಟಿಗೆ ಮುಂಚೆಯೋ ಆಮೇಲೋ ಎತ್ತುವ ಅತೀತ ಅನಾಗತ ಎಡುಪು ಕೇಳಿ ಬೆಳೆದ ಕಿವಿ ನಮ್ಮದು. ನಮ್ಮಲ್ಲಿ ಮೃದಂಗ ಕಲಿತವಳೊಬ್ಬಳಿದ್ದಳು. ಈ ಹಾಡನ್ನು ಆವತ್ತೇ ಮೊದಲು ಕೇಳಿದ್ದು. "ಇವನು ಸಮಕ್ಕೆ ಬರೋದೇ ಇಲ್ಲ, ಆದರೆ ಎಲ್ಲೂ ತಾಳ ತಪ್ಪಿಲ್ಲ ನೋಡಿ" ಅಂದಳು. ಆವತ್ತಿನ ಅತ್ಯುತ್ತಮ ವಿಮರ್ಶೆ ಅದೇ.

ಈ ಹಾಡಿನ ಮೊದಲ ಚರಣ ಉದ್ದವೋ ಉದ್ದ. ನಿರ್ಮಾಪಕ ಡಿಜೆ ಪ್ರೀಮಿಯರ್ ಹೇಳುವ ಪ್ರಕಾರ ಅದು ಒಂದೇ ಟೇಕ್. ಹೇಗೆ ಶುರು ಮಾಡಬೇಕೋ ಗೊತ್ತಾಗುತ್ತಿಲ್ಲ ಎಂದು ನಾಸ್ ಗೊಣಗಿದ ಮಾತು ರೆಕಾರ್ಡ್‌ನಲ್ಲೇ ಕೇಳುತ್ತದೆ, ಅದರ ಬೆನ್ನಿಗೇ ಶುರು. ಪಲ್ಲವಿ ಎಂದು ಬರುವುದು ಯಾರೂ ಹಾಡಿದ್ದಲ್ಲ. ಹಿರಿಯ ರ‍್ಯಾಪರ್ ರಾಕಿಮ್‌ನ ಹಳೆಯ ಹಾಡೊಂದರ ತುಣುಕನ್ನು ಪ್ರೀಮಿಯರ್ ರೆಕಾರ್ಡನ್ನು ಕೈಯಿಂದ ಹಿಂದೆ ಮುಂದೆ ತಿರುಗಿಸಿ ಸ್ಕ್ರ್ಯಾಚ್ ಮಾಡಿದ್ದಾನೆ. ನಾಸ್‌ನನ್ನು ಆಗ ಎಲ್ಲರೂ ಹೋಲಿಸುತ್ತಿದ್ದದ್ದು ರಾಕಿಮ್‌ಗೆ. ಆ ಹಿರಿಯನ ದನಿಯನ್ನೇ ಪಲ್ಲವಿಯಾಗಿ ಕೂರಿಸಿದ್ದು ಎಷ್ಟು ಚೆಂದದ ನಮಸ್ಕಾರ!

ಮುಂದಿನ ತಕರಾರು ಎತ್ತಿದವನು ಸೌಂಡ್ ಮಿಕ್ಸಿಂಗ್ ಬಲ್ಲವನು. "ಹಾಡುಗಾರ ಒಬ್ಬ, ಬೀಟ್, ಅಂದರೆ ಹಿನ್ನೆಲೆ ಸಂಗೀತ, ಮಾಡಿದವರು ಐದು ಜನ. ಗುಣ ಯಾರದ್ದು?" ಪ್ರೀಮಿಯರ್, ಲಾರ್ಜ್ ಪ್ರೊಫೆಸರ್, ಪೀಟ್ ರಾಕ್, ಕ್ಯೂ-ಟಿಪ್, ಎಲ್.ಇ.ಎಸ್. ಒಂದು ಆಲ್ಬಂಗೆ ಒಬ್ಬನೇ ನಿರ್ಮಾಪಕ ಅಥವಾ ಒಂದೇ ತಂಡ ಎನ್ನುವುದು ಆಗ ರೂಢಿ. ಐದು ಕಡೆಯಿಂದ ಬೀಟ್ ತಂದರೆ ಕಲಸುಮೇಲೋಗರ ಆಗಬೇಕಿತ್ತು. ಯಾಕೆ ಆಗಲಿಲ್ಲ ಎನ್ನುವುದಕ್ಕೆ ಒಂದು ಕಾರಣ ಯಂತ್ರಗಳಲ್ಲಿದೆ.

ಪೀಟ್ ರಾಕ್‌ನ ಕೈಯಲ್ಲಿದ್ದದ್ದು ಎಸ್‌ಪಿ-1200 ಎಂಬ ಸ್ಯಾಂಪಲ್ ಯಂತ್ರ. 12 ಬಿಟ್, 26 ಕಿಲೋಹರ್ಟ್ಸ್ ಚಿಲ್ಲರೆ, ಅಂದರೆ ಸದ್ದು ಒರಟು. ಒಟ್ಟು ಸ್ಯಾಂಪಲ್ ಸಮಯ ಬರೀ 10 ಸೆಕೆಂಡ್, ಒಂದು ತುಣುಕಿಗೆ ಹೆಚ್ಚೆಂದರೆ 2.5. ಈಗ ಲೆಕ್ಕ ಹಾಕಿ. 84ರ ವೇಗದಲ್ಲಿ ಒಂದು ಬಾರ್ 2.86 ಸೆಕೆಂಡ್, ಅಲ್ಲಿಗೆ ಹಿಡಿಸುವುದಿಲ್ಲ. ಅದಕ್ಕೆ ಆಗಿನವರ ಉಪಾಯ, ನಿಮಿಷಕ್ಕೆ 33 ಸುತ್ತಿನ ಎಲ್‌ಪಿಯನ್ನು 45ರಲ್ಲಿ ತಿರುಗಿಸಿ ರೆಕಾರ್ಡ್ ಮಾಡುವುದು. ಅದೇ ಬಾರ್ 2.12 ಸೆಕೆಂಡ್‌ಗೆ ಇಳಿಯುತ್ತದೆ, ಹಿಡಿಸುತ್ತದೆ. ಆಮೇಲೆ ಯಂತ್ರದೊಳಗೆ ಪಿಚ್ ಇಳಿಸಿ ಮೊದಲಿನ ವೇಗಕ್ಕೆ ತರುವುದು. ಹಾಗೆ ಎಳೆದಾಗ ಮೇಲಿನ ನಾದ ಮಸುಕಾಗಿ, ಜೊತೆಗೆ ಮೂಲದಲ್ಲಿ ಇಲ್ಲದ ಒಂದು ಗರಗರ ಸೇರಿಕೊಳ್ಳುತ್ತದೆ. ಅಭಿಮಾನಿಗಳು 'ಧೂಳು' ಎನ್ನುವುದು ಇದನ್ನೇ. ಅತಿಯಾಗಿ ಎಳೆದರೆ ಪಿಯಾನೊ ತಗಡು ಬಡಿದ ಹಾಗೆ ಕೇಳುತ್ತದೆ, ಹದ ಗೊತ್ತಿರಬೇಕು. ಯಂತ್ರದ ಎಂಟು ಔಟ್‌ಪುಟ್‌ಗಳಲ್ಲಿ ಮೊದಲೆರಡಕ್ಕೆ ಫಿಲ್ಟರ್ ಜೋರು, ಕೊನೆಯೆರಡಕ್ಕೆ ಫಿಲ್ಟರ್ರೇ ಇಲ್ಲ. ಹಳೆಯ ಹಾಡಿನ ತುಣುಕನ್ನು ಮೊದಲ ಔಟ್‌ಪುಟ್‌ನಲ್ಲಿ ಬಿಟ್ಟರೆ ಮೇಲಿನದೆಲ್ಲ ಸೋಸಿ ಬೇಸ್ ಮಾತ್ರ ಉಳಿಯುತ್ತದೆ. ಹೈ-ಹ್ಯಾಟ್ ಕೊನೆಯದರಲ್ಲಿ ಬಿಟ್ಟರೆ ಚುರುಕು. ಪ್ರೀಮಿಯರ್ ಬಳಸುತ್ತಿದ್ದ ಎಂಪಿಸಿ-60 ಯಂತ್ರ ಕೂಡ 12 ಬಿಟ್ಟೇ. ಸ್ಟುಡಿಯೊ ಬೇರೆ, ಕೈ ಬೇರೆ ಆದರೂ ಮಣ್ಣಿನ ಬಣ್ಣ ಒಂದೇ ಆದದ್ದು ಹೀಗೆ.

'ದಿ ವರ್ಲ್ಡ್ ಈಸ್ ಯುವರ್ಸ್'ಗೆ ಬಂದಾಗ ಅದರ ಮೂಲವನ್ನೇ ಮೊದಲು ಹಾಕಿದೆವು, ಅಹ್ಮದ್ ಜಮಾಲ್‌ನ 1970ರ 'ಐ ಲವ್ ಮ್ಯೂಸಿಕ್'. ಏಳು ನಿಮಿಷ ದಾಟುವ ಜಾಝ್. ಪಿಯಾನೊ ಒಂಟಿಯಾಗಿ ಬಹಳ ಹೊತ್ತು ಅಲೆದಾಡುತ್ತದೆ. ಆಮೇಲೆ ಬೇಸ್, ಡ್ರಮ್ಸ್ ಕೂಡುತ್ತವೆ, ಅದಾದ ಮೇಲೆ ಆ ನಾಲ್ಕಾರು ಸ್ವರ ಬಂದು ಹೋಗುತ್ತವೆ. ಕಣ್ಣು ಮಿಟುಕಿಸಿದರೆ ತಪ್ಪಿಹೋಯಿತು. ಪೀಟ್ ರಾಕ್ ಅಷ್ಟನ್ನೇ ಹೆಕ್ಕಿ ಇಡೀ ಹಾಡು ಕಟ್ಟಿದ್ದಾನೆ. ಮಿಕ್ಸಿಂಗ್ ಬಲ್ಲವನು ಮೂರು ಸಲ ಹಿಂದಕ್ಕೆ ಹಾಕಿ ಕೇಳಿದ. ಸ್ಯಾಂಪಲ್ ಮಾಡುವುದು ಕದಿಯುವುದು ಎಂಬ ಮಾತು ಆಮೇಲೆ ಆ ಕೋಣೆಯಲ್ಲಿ ಬರಲಿಲ್ಲ. ಅದಕ್ಕಿಂತ ಹಿಂದಿನ ಹಾಡಿನ ಕೊನೆಯಲ್ಲಿ ಕೇಳುವ ಕಾರ್ನೆಟ್ ವಾದ್ಯವನ್ನೂ ಇಲ್ಲಿ ನೆನೆಯಬೇಕು. ನುಡಿಸಿದ್ದು ನಾಸ್‌ನ ಅಪ್ಪ, ಮಿಸಿಸಿಪ್ಪಿಯಿಂದ ಬಂದ ಜಾಝ್ ಕಲಾವಿದ ಓಲು ದಾರಾ. ಮಗ ಬದುಕನ್ನು ಶಪಿಸುವ ಹಾಡು ಹಾಡಿದ ಮೇಲೆ ಅಪ್ಪನ ಊದು ಮೆಲ್ಲಗೆ ಬಂದು ಹಾಡು ಮುಗಿಸುತ್ತದೆ.

ಎರಡನೇ ಮುಖದಲ್ಲಿ ವಾದ ಗಂಭೀರವಾದದ್ದು 'ಒನ್ ಲವ್' ಹತ್ತಿರ. ಜೈಲಿನಲ್ಲಿರುವ ಗೆಳೆಯರಿಗೆ ಬರೆದ ಕಾಗದಗಳ ಹಾಡು. ಕ್ಯೂ-ಟಿಪ್ ಬೀಟ್ ಕಟ್ಟಿದ್ದು ಹೀತ್ ಬ್ರದರ್ಸ್‌ನ 70ರ ದಶಕದ ಜಾಝ್‌ನಿಂದ, ಅದರ ಕಲಿಂಬಾ (ಬೆರಳಿನಿಂದ ಮೀಟುವ ಆಫ್ರಿಕನ್ ವಾದ್ಯ) ನಾದ ನಿಧಾನವಾಗಿ ತೊಟ್ಟಿಕ್ಕುತ್ತದೆ. ಕಾಗದದಲ್ಲಿ ಇರುವುದು ಊರ ಸುದ್ದಿ: ಮಗು ಹುಟ್ಟಿದ್ದು, ಯಾರು ಯಾರ ಜೊತೆ ಸೇರಿದ್ದು, ಅಮ್ಮ ಹೇಗಿದ್ದಾಳೆ. ಮೂರನೇ ಚರಣದಲ್ಲಿ ಕಾಗದ ನಿಂತು, ಬೆಂಚಿನ ಮೇಲೆ ಕೂತ ಹನ್ನೆರಡು ವರ್ಷದ ಹುಡುಗನ ಜೊತೆ ಮಾತು. ಆ ಹುಡುಗನ ಬಾಯಲ್ಲಿ ಬರುವುದು ಮಕ್ಕಳ ಮಾತಲ್ಲ. ನಾಸ್ ಬುದ್ಧಿ ಹೇಳುತ್ತಾನೆ, ಹೇಳಿ ಎದ್ದು ಹೋಗುತ್ತಾನೆ. ಆ ಹುಡುಗ ಏನಾದ ಎಂದು ಹಾಡು ಹೇಳುವುದಿಲ್ಲ. ಇಲ್ಲಿ ಪ್ರಾಸದ ಆಟವನ್ನು ಅವನು ಬೇಕೆಂದೇ ತಗ್ಗಿಸಿದ್ದಾನೆ. ಹಾಳೆಯಲ್ಲಿ ಬರೆದರೆ ಬಣ್ಣ ಕಮ್ಮಿ, ಖಾಲಿ ಮನೆ ಜಾಸ್ತಿ. "ತಾಂತ್ರಿಕ ಚಾತುರ್ಯ ಬಿಟ್ಟರೆ ಏನಿದೆ" ಎನ್ನುವವರಿಗೆ ನಾನು ಮೊದಲು ಹಾಕುವ ಹಾಡು ಇದು.

ಕೊರತೆ ಇಲ್ಲವೆಂದಲ್ಲ. 'ಒನ್ ಟೈಮ್ 4 ಯುವರ್ ಮೈಂಡ್' ಉಳಿದವುಗಳ ಪಕ್ಕದಲ್ಲಿ ತೆಳು, ಪಲ್ಲವಿಯಂತೂ ಹೊತ್ತು ಕಳೆಯುವಂಥದ್ದು. 'ಹಾಫ್‌ಟೈಮ್' 1992ರಲ್ಲೇ ಹೊರಬಂದ ಹಾಡು, ದನಿಯಲ್ಲಿ ಇನ್ನೂ ಹುಡುಗುತನವಿದೆ. ಕೊನೆಯ ಹಾಡಿನಲ್ಲಿರುವ ಮೈಕಲ್ ಜಾಕ್ಸನ್‌ನ 'ಹ್ಯೂಮನ್ ನೇಚರ್' ತುಣುಕನ್ನು ಹಿಂದಿನ ವರ್ಷವಷ್ಟೇ ಎಸ್‌ಡಬ್ಲ್ಯೂವಿ ತಂಡದ ಹಿಟ್ ಹಾಡು ಬಳಸಿತ್ತು. ಇವೆಲ್ಲ ನಿಜ.

ಜೇ-ಝೀ ಪಕ್ಷದ ನಿಜವಾದ ಬಾಣ ಬೇರೆಯದು, ಅದಕ್ಕೆ ಹರಿತವೂ ಇದೆ. ಒಂದು ಆಲ್ಬಂ ಬೇರೆ, ಒಂದು ಜೀವಮಾನದ ಕೆಲಸ ಬೇರೆ. 1996ರ 'ಇಟ್ ವಾಸ್ ರಿಟನ್' ಬಿಲ್‌ಬೋರ್ಡ್‌ನಲ್ಲಿ ಮೊದಲ ಸ್ಥಾನಕ್ಕೆ ಹೋಯಿತು, ಮಾತು ಅಲ್ಲೂ ಗಟ್ಟಿ, ಆದರೆ ಬೀಟ್‌ಗಳು ರೇಡಿಯೊ ಕಡೆ ವಾಲಿದವು. 1999ರ ಹೊತ್ತಿಗೆ ಬೀಟ್ ಆರಿಸುವ ಕಿವಿಯೇ ನಾಸ್‌ಗೆ ಇಲ್ಲ ಎಂಬ ಮಾತು ಹುಟ್ಟಿತ್ತು. 2001ರಲ್ಲಿ 'ಟೇಕೋವರ್' ಹಾಡಿನಲ್ಲಿ ಜೇ-ಝೀ ಹೊಡೆದದ್ದು 'ಒಂದೇ ಒಳ್ಳೆಯ ಆಲ್ಬಂ' ಎಂಬ ಆ ಜಾಗಕ್ಕೇ. ನಾಸ್ 'ಈಥರ್'ನಲ್ಲಿ ತಿರುಗೇಟು ಕೊಟ್ಟ, ಜನ ಗೆಲುವನ್ನು ಅವನಿಗೇ ಕೊಟ್ಟರು. ಆದರೆ 'ಈಥರ್' ಗೆದ್ದದ್ದು ಸಿಟ್ಟಿನಿಂದ. ಅದನ್ನು ಹಾಳೆಯಲ್ಲಿ ಬರೆದು ನೋಡಿದರೆ 'ಎನ್.ವೈ. ಸ್ಟೇಟ್ ಆಫ್ ಮೈಂಡ್'ನ ನೆಯ್ಗೆ ಅಲ್ಲಿಲ್ಲ. ಜಗಳದ ಹಾಡನ್ನು ಕವಿತೆಯ ಅಳತೆಗೋಲಿನಲ್ಲಿ ಅಳೆಯಬಾರದು ಎಂದು ಆವತ್ತು ಇಬ್ಬರೂ ಒಪ್ಪಿಕೊಂಡೆವು.

ಸಂಜೆ ಆರಕ್ಕೆ ಸೂಜಿ ಕೊನೆಯ ಗೆರೆಗೆ ಬಂದು ನಿಂತಿತ್ತು. ಜೇ-ಝೀ ಪಕ್ಷದವನು ಹೊಸ ಹಾಳೆ ತೆಗೆದುಕೊಂಡ, ನಾಲ್ಕು ಕಾಲಂ ಎಳೆದ. ತನ್ನ ನಾಯಕನ ಮೊದಲ ಆಲ್ಬಂ 'ರೀಸನಬಲ್ ಡೌಟ್' ಕಾಲದ 'ಡೆಡ್ ಪ್ರೆಸಿಡೆಂಟ್ಸ್' ಹಾಕಿ ಅಂದ. ಪಲ್ಲವಿ ಬಂತು. ಅದರಲ್ಲಿ ಕೇಳುವುದು 'ದಿ ವರ್ಲ್ಡ್ ಈಸ್ ಯುವರ್ಸ್'ನಿಂದ ಕತ್ತರಿಸಿದ ನಾಸ್‌ನ ದನಿ. ಅವನು ತಲೆ ಎತ್ತಲಿಲ್ಲ. ಆ ಅಕ್ಷರಗಳಿಗೆ ಬೇರೆ ಬಣ್ಣದ ಪೆನ್ಸಿಲ್ ತೆಗೆದುಕೊಂಡ.