ಮುಡಿಪಿನ ಗಂಟಿನಿಂದ ಬರುವ ಹಳೆಯ ನಾಣ್ಯಗಳು

ಸಂಗ್ರಹಕ್ಕೆ ಹಳೆಯ ನಾಣ್ಯಗಳನ್ನು ಹುಡುಕಲೆಂದು ತುಮಕೂರಿನ ಮಂಡಿಪೇಟೆಯ ಸಮೀಪದ ಬ್ಯಾಂಕ್ ಶಾಖೆಯೊಂದರಿಂದ ನಾನು ತಿಂಗಳಿಗೆ ಎರಡು ಮೂರು ಬಾರಿ ಚಿಲ್ಲರೆ ತರುತ್ತೇನೆ. ಅಮೆರಿಕದ ಸಂಗ್ರಾಹಕರು ಐದು ಸೆಂಟಿನ ನಿಕಲ್ ನಾಣ್ಯಗಳನ್ನು ನಲವತ್ತರಂತೆ ಕಾಗದದಲ್ಲಿ ಸುತ್ತಿದ ಸುರುಳಿಗಳಲ್ಲಿ ಪಡೆದು, ಯುದ್ಧಕ್ಕೆ ನಿಕಲ್ ಉಳಿಸಲೆಂದು 1942ರಿಂದ 1945ರವರೆಗೆ ಶೇ. 35ರಷ್ಟು ಬೆಳ್ಳಿ ಸೇರಿಸಿ ಟಂಕಿಸಿದವುಗಳನ್ನು ಹುಡುಕುತ್ತಾರೆ. ನನಗೆ ಸಿಗುವುದು ನೂರು ನಾಣ್ಯಗಳ ಪ್ಲಾಸ್ಟಿಕ್ ಪೊಟ್ಟಣ.

ಎಲ್ಲ ಪೊಟ್ಟಣಗಳೂ ಒಂದೇ ಅಲ್ಲ. ಟಂಕಸಾಲೆಯಿಂದ ನೇರವಾಗಿ ಬಂದದ್ದರಲ್ಲಿ ಹೊಳೆಯುವ ಹೊಸ ನಾಣ್ಯಗಳಲ್ಲದೆ ಬೇರೇನೂ ಇರುವುದಿಲ್ಲ. ಅಂಗಡಿಗಳಿಂದ ಬಂದದ್ದರಲ್ಲಿ ಸವೆದ ಉಕ್ಕಿನ ನಾಣ್ಯಗಳೇ ಹೆಚ್ಚು. ಜಾತ್ರೆ ಮುಗಿದು ದೇವಸ್ಥಾನಗಳ ಹುಂಡಿ ಎಣಿಕೆಯಾದ ಮೇಲೆ ಬರುವ ಚಿಲ್ಲರೆಯ ಸ್ವರೂಪವೇ ಬೇರೆ. ನಮ್ಮ ಕಡೆ ಹರಕೆ ಹೊತ್ತವರು ನಾಣ್ಯವನ್ನು ಅರಿಸಿನದ ಬಟ್ಟೆಯಲ್ಲಿ ಮುಡಿಪು ಕಟ್ಟಿ ದೇವರ ಗೂಡಿನಲ್ಲಿ ಇಡುತ್ತಾರೆ. ಅದು ಹುಂಡಿ ಸೇರಲು ಕೆಲವೊಮ್ಮೆ ವರ್ಷಗಳೇ ಹಿಡಿಯುತ್ತವೆ, ಹರಕೆ ಹೊತ್ತ ಅಜ್ಜಿ ತೀರಿಕೊಂಡು ಮೊಮ್ಮಕ್ಕಳು ತೀರಿಸುವುದೂ ಉಂಟು. ಅಷ್ಟು ಕಾಲ ಯಾರ ಕೈಗೂ ಸಿಗದೆ ಉಳಿದ ನಾಣ್ಯದಲ್ಲಿ ಅಶೋಕಸ್ತಂಭದ ಸಿಂಹಗಳ ಕೇಸರ ಕೂಡ ಸ್ಪಷ್ಟವಾಗಿ ಕಾಣುತ್ತದೆ. ಆದ್ದರಿಂದಲೇ ಕ್ಯಾಷಿಯರ್ "ಸರ್, ಹುಂಡಿ ಚಿಲ್ಲರೆ ಬಂದಿದೆ, ಬೇಕಾ?" ಎಂದು ಕೇಳಿದ ದಿನ ನಾನು ಬೇರೆ ಕೆಲಸವನ್ನು ಮುಂದಕ್ಕೆ ಹಾಕುತ್ತೇನೆ.

ಮನೆಗೆ ತಂದ ಮೇಲೆ ಒಂದು ಮತ್ತು ಎರಡು ರೂಪಾಯಿಯ ನಾಣ್ಯಗಳನ್ನು ಹರಡಿ, ಮೇಲೆ ಅಯಸ್ಕಾಂತ ಆಡಿಸುತ್ತೇನೆ. 1992ರ ನಂತರದ ಉಕ್ಕಿನ ರೂಪಾಯಿ ಅಂಟಿಕೊಳ್ಳುತ್ತದೆ. ಮುಕ್ಕಾಲು ಪಾಲು ತಾಮ್ರ, ಕಾಲು ಪಾಲು ನಿಕಲ್ ಇರುವ ಹಳೆಯ ರೂಪಾಯಿಯಾಗಲಿ, 1992ರಿಂದ 2004ರವರೆಗಿನ ಹನ್ನೊಂದು ಬದಿಯ ಎರಡು ರೂಪಾಯಿಯಾಗಲಿ ಕದಲುವುದಿಲ್ಲ. ಆದರೆ ಅಂಟಿದ್ದನ್ನೂ ನೋಡದೆ ಬಿಡಬಾರದು. ನೆಹರೂ ಅವರ ನೆನಪಿನ 1964ರ ರೂಪಾಯಿ ಶುದ್ಧ ನಿಕಲ್ಲಿನದಾದ್ದರಿಂದ ಅದೂ ಅಯಸ್ಕಾಂತಕ್ಕೆ ಅಂಟುತ್ತದೆ.

ಆಮೇಲೆ ನಾಣ್ಯ ಯಾವ ಟಂಕಸಾಲೆಯದೆಂದು ತಿಳಿಯಲು ಇಸವಿಯ ಕೆಳಗಿನ ಗುರುತನ್ನು ಭೂತಗನ್ನಡಿಯಲ್ಲಿ ನೋಡಬೇಕು. ವಜ್ರಾಕೃತಿ ಇದ್ದರೆ ಮುಂಬೈ, ನಕ್ಷತ್ರವಿದ್ದರೆ ಹೈದರಾಬಾದ್, ಚುಕ್ಕೆಯಿದ್ದರೆ ನೊಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. ಸ್ಮರಣಾರ್ಥ ನಾಣ್ಯಗಳಲ್ಲಿ 2003ರ ರೈಲ್ವೆಯ ಎರಡು ರೂಪಾಯಿಯೂ 2006ರ ಬಸವೇಶ್ವರರ ಐದು ರೂಪಾಯಿಯೂ ನನಗೆ ಈ ಪೊಟ್ಟಣಗಳಲ್ಲೇ ಸಿಕ್ಕಿವೆ. ಉಳಿದ ಚಿಲ್ಲರೆಯನ್ನು ಮಂಡಿಪೇಟೆಯ ಅಂಗಡಿಯವರಿಗೆ ಕೊಡುತ್ತೇನೆ. ತಂದ ಶಾಖೆಗೇ ಹಿಂದಿರುಗಿಸಿದರೆ ನೋಡಿದ್ದನ್ನೇ ಮತ್ತೆ ನೋಡಬೇಕಾಗುತ್ತದೆ, ಕ್ಯಾಷಿಯರಿಗೂ ಎಣಿಕೆಯ ಹೊರೆ.

ನಾಣ್ಯ ತೊಳೆಯುವ ವಿಷಯದಲ್ಲಿ ಮಾತ್ರ ನಾನು ಯಾರ ಒತ್ತಾಯಕ್ಕೂ ಮಣಿಯುವುದಿಲ್ಲ. ಆರಂಭದಲ್ಲಿ ಪೂಜೆಯ ಪಾತ್ರೆಗೆ ಮಾಡುವಂತೆ 1982ರ ಏಷ್ಯನ್ ಕ್ರೀಡಾಕೂಟದ ಎರಡು ರೂಪಾಯಿಯನ್ನು ಹುಣಸೆಹಣ್ಣು ಹಾಕಿ ಉಜ್ಜಿದ್ದೆ. ಮೇಲ್ಮೈಯ ಸಹಜ ಕಾಂತಿ ಹೋಗಿ ಸಣ್ಣ ಗೀರುಗಳು ಉಳಿದವು, ಅದನ್ನು ಸರಿಪಡಿಸುವ ದಾರಿಯಿಲ್ಲ.

ಕಳೆದ ಶಿವರಾತ್ರಿಯ ನಂತರ ತಂದ ಪೊಟ್ಟಣದಲ್ಲಿ 1985ರ ಒಂದು ರೂಪಾಯಿ ಇತ್ತು. ಇಸವಿಯ ಕೆಳಗೆ ‘ಎಚ್’ ಅಕ್ಷರವಿತ್ತು, ಅಂದರೆ ಅದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಹೀಟನ್ ಟಂಕಸಾಲೆಯಲ್ಲಿ ಅಚ್ಚಾಗಿ ಹಡಗಿನಲ್ಲಿ ಬಂದದ್ದು. ಅಕ್ಷರಗಳ ಸಂದಿಯಲ್ಲಿ ಯಾರದೋ ಮುಡಿಪಿನ ಅರಿಸಿನ ಒಣಗಿ ನಿಂತಿತ್ತು. ಅದನ್ನು ಹಾಗೆಯೇ ಬಿಟ್ಟು, ಅಂಚನ್ನು ಮಾತ್ರ ಹಿಡಿದು ಆಲ್ಬಮ್ಮಿನಲ್ಲಿ ಇಟ್ಟಿದ್ದೇನೆ.