ಅವಿನ್ಯೋಂ: ಇನ್ನೊಬ್ಬ ಪೋಪ್ ಇದ್ದ ಊರು

ಫ್ರಾನ್ಸಿನ ಅವಿನ್ಯೋಂಗೆ ಹೋಗುವವರಿಗೆ ಮೊದಲ ಮಾತು: ಅಲ್ಲಿ ಎರಡು ರೈಲು ನಿಲ್ದಾಣಗಳಿವೆ. ಪ್ಯಾರಿಸ್‌ನಿಂದ ಬರುವ ಹೆಚ್ಚಿನ ಟಿಜಿವಿ (ಅತಿವೇಗದ) ರೈಲುಗಳು ನಿಲ್ಲುವುದು ಊರಾಚೆ. ನಾವು ಊರೇ ಬಂತು ಅಂದುಕೊಂಡು ಸೂಟ್‌ಕೇಸ್ ಎಳೆದುಕೊಂಡು ನಡೆದೇ ಹೊರಟಿದ್ದೆವು. ಹಾಗೆ ಮಾಡಬೇಡಿ. ಅಲ್ಲಿಂದ ಊರೊಳಗಿನ ನಿಲ್ದಾಣಕ್ಕೆ ಲೋಕಲ್ ರೈಲಿನಲ್ಲಿ ಐದಾರು ನಿಮಿಷ ಸಾಕು. ಇಳಿದರೆ ಎದುರಿಗೇ ಕೋಟೆ ಗೋಡೆ.

ಪೋಪರ ಅರಮನೆಗೆ ಮಾತ್ರ ಕಥೆ ತಿಳಿದುಕೊಂಡೇ ಹೋಗಿ. ಒಳಗೆ ಮಂಚ, ಕುರ್ಚಿ ಕಾಣುವುದಿಲ್ಲ, ಹೆಚ್ಚಿನದೆಲ್ಲ ಬೋಳು ಕಲ್ಲು. 1309ರಿಂದ ಏಳು ಪೋಪ್‌ಗಳು ರೋಮ್ ಬಿಟ್ಟು ಈ ಊರಲ್ಲಿದ್ದರು. ಕೊನೆಯವನು 11ನೇ ಗ್ರೆಗರಿ. 1377ರಲ್ಲಿ ರೋಮ್‌ಗೆ ಮರಳಿದ, ಮರುವರ್ಷವೇ ತೀರಿಕೊಂಡ. ಪೋಪ್‌ನನ್ನು ಆರಿಸುವ ಹಿರಿಯ ಪಾದ್ರಿಗಳಾದ ಕಾರ್ಡಿನಲ್‌ಗಳು 6ನೇ ಅರ್ಬನ್‌ನನ್ನು ಆರಿಸಿದರು. ಅವನ ಸಿಡುಕು ತಾಳಲಾರದೆ, ‘ರೋಮ್ ಜನರ ಗಲಾಟೆಗೆ ಹೆದರಿ ಆರಿಸಿದ್ದೆವು’ ಎಂದು ಕೆಲವೇ ತಿಂಗಳಲ್ಲಿ ಮಾತು ತಿರುಗಿಸಿ 7ನೇ ಕ್ಲೆಮೆಂಟ್‌ನನ್ನು ಪೋಪ್ ಮಾಡಿದರು. ಅವನು ಬಂದು ಕೂತದ್ದು ಇಲ್ಲಿ. ಅರ್ಬನ್ ಪೀಠ ಬಿಡಲಿಲ್ಲ, ಹೀಗೆ ಒಂದೇ ಹೊತ್ತಿಗೆ ಇಬ್ಬರು ಪೋಪ್. ಮಠದ ಪೀಠಕ್ಕಾಗಿ ಕೋರ್ಟು ಹತ್ತಿದ ಸುದ್ದಿ ಓದಿ ಬೆಳೆದ ನಮಗೆ ಇದು ಬೇಗ ಅರ್ಥವಾಗುತ್ತೆ, ಅಲ್ವಾ?

ನನಗೆ ಹಿಡಿಸಿದ್ದು ಕ್ಲೆಮೆಂಟ್ ನಂತರ ಇಲ್ಲಿ ಬಂದ ಹಠಮಾರಿ, 13ನೇ ಬೆನೆಡಿಕ್ಟ್. 1398ರಲ್ಲಿ ಅವನನ್ನು ಪೀಠದಿಂದ ಇಳಿಸಲು ಸೈನಿಕರು ಇದೇ ಅರಮನೆಗೆ ಮುತ್ತಿಗೆ ಹಾಕಿದರು. ನಾಲ್ಕು ವರ್ಷಕ್ಕೂ ಜಾಸ್ತಿ ಒಳಗೇ ಇದ್ದು, 1403ರಲ್ಲಿ ಗುಟ್ಟಾಗಿ ತಪ್ಪಿಸಿಕೊಂಡ. 1409ರಲ್ಲಿ ಇಟಲಿಯ ಪೀಸಾದಲ್ಲಿ ಕಾರ್ಡಿನಲ್‌ಗಳು ಈ ಇಬ್ಬರು ಪೋಪ್‌ಗಳ ಜಗಳ ಬಿಡಿಸಲು ಹೋಗಿ ಮೂರನೇ ಪೋಪ್ ಹುಟ್ಟಿಕೊಂಡ! 1417ರಲ್ಲಿ ಕಾನ್‌ಸ್ಟನ್ಸ್ ಊರಲ್ಲಿ ಸೇರಿದ ಚರ್ಚ್ ಸಭೆ 5ನೇ ಮಾರ್ಟಿನ್‌ನನ್ನು ಆರಿಸಿದ ಮೇಲೂ ಬೆನೆಡಿಕ್ಟ್ ಸ್ಪೇನಿನ ಪೆನಿಸ್ಕೊಲಾ ಕೋಟೆಯಲ್ಲಿ ಕೂತು, ಸಾಯುವವರೆಗೂ ನಾನೇ ಪೋಪ್ ಎಂದ. ರೋಮ್ ಅವನನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ಹಾಗಾಗಿಯೇ 1724ರಲ್ಲಿ ಇನ್ನೊಬ್ಬರು ಪೋಪ್ ಆಗಿ ಅದೇ 13ನೇ ಬೆನೆಡಿಕ್ಟ್ ಎಂಬ ಹೆಸರು ಪಡೆದರು.

ಒಳಗೆ ಮೂರು ಗಂಟೆ ಇಟ್ಟುಕೊಳ್ಳಿ. ಖಜಾನೆ ಕೋಣೆಯಲ್ಲಿ ನೆಲದ ಚಪ್ಪಡಿಗಳ ಕೆಳಗೆ ಹಣ ಬಚ್ಚಿಡುತ್ತಿದ್ದ ಗುಂಡಿಗಳಿವೆ, ತಪ್ಪಿಸಬೇಡಿ. ಬೇಟೆಯ ಚಿತ್ರಗಳಿರುವ ಜಿಂಕೆ ಕೋಣೆಯಲ್ಲಿ ಸುಮ್ನೆ ಸ್ವಲ್ಪ ಹೊತ್ತು ನಿಲ್ಲಿ. ಮೆಟ್ಟಿಲು ಬಹಳ, ವಯಸ್ಸಾದವರಿದ್ದರೆ ನಿಧಾನ.

ಜುಲೈ ಬೇಡ. ನಾಟಕೋತ್ಸವಕ್ಕೆ ಊರೇ ತುಂಬಿರುತ್ತದೆ, ರೂಮು ದುಬಾರಿ. ಏಪ್ರಿಲ್ ಅಥವಾ ಸೆಪ್ಟೆಂಬರ್ ವಾಸಿ. ಮಿಸ್ತ್ರಾಲ್ ಗಾಳಿ ಬೀಸಿದರೆ ಟೋಪಿ ಹಾರಿಹೋಗುತ್ತದೆ, ಜಾಕೆಟ್ ಇರಲಿ. ರೋನ್ ನದಿಯ ಹಳೆಯ ಮುರಿದ ಸೇತುವೆಯಲ್ಲಿ ಈಗ ಉಳಿದಿರುವುದು ನಾಲ್ಕೇ ಕಮಾನು. ಅದರ ಮೇಲೆ ನಡೆಯಲು ಟಿಕೆಟ್ ಬೇಕು. ಅರಮನೆ ಪಕ್ಕದ ಗುಡ್ಡದ ಪಾರ್ಕ್ ಹತ್ತಿದರೆ ಪುಕ್ಕಟೆಯಾಗಿ, ಇನ್ನೂ ಚೆನ್ನಾಗಿ ಕಾಣುತ್ತದೆ.